ಕೋಳಿ ಫೀಡ್‌ಗೆ ಫೈಟೇಸ್: ನನಗಂತೂ ಹರಳೇ ಸರಿ

ಶ್ರೀನಿವಾಸಪುರದ ಹತ್ತಿರ, ನಮ್ಮ ಮಾವಿನ ತೋಟದ ಪಕ್ಕದ ಶೆಡ್‌ನಲ್ಲಿ 600 ಗಿರಿರಾಜ ಕೋಳಿ ಸಾಕಿದ್ದೇನೆ. ಈಗ ಅವುಗಳ ಫೀಡ್‌ಗೆ ಬ್ಯಾಕ್ಟೀರಿಯಾದಿಂದ ತಯಾರಿಸಿದ, ಕೋಟಿಂಗ್ ಇರುವ ಫೈಟೇಸ್ (ಫೀಡ್‌ನಲ್ಲಿರುವ ರಂಜಕವನ್ನು ಕೋಳಿಗೆ ದಕ್ಕುವಂತೆ ಬಿಡಿಸಿಕೊಡುವ ಕಿಣ್ವ) ಹರಳನ್ನೇ ಹಾಕುವುದು. ಅದಕ್ಕೂ ಮೊದಲು ಶಿಲೀಂಧ್ರದಿಂದ ತಯಾರಿಸಿದ ಪುಡಿ ತಂದು ಕೈ ಸುಟ್ಟುಕೊಂಡೆ.

ಮುಸುಕಿನ ಜೋಳ, ಸೋಯಾ ಹಿಂಡಿ, ತೌಡು ಎಲ್ಲದರಲ್ಲೂ ರಂಜಕ ಇದೆ. ಆದರೆ ಆ ರಂಜಕದ ಮೂರು ಪಾಲಿನಲ್ಲಿ ಸುಮಾರು ಎರಡು ಪಾಲು ಫೈಟೇಟ್ ಅನ್ನುವ ರೂಪದಲ್ಲಿ ಗಂಟು ಬಿದ್ದಿರುತ್ತದೆ. ಕೋಳಿ ಹೊಟ್ಟೆಗೆ ಆ ಗಂಟು ಬಿಚ್ಚುವ ಶಕ್ತಿ ತೀರಾ ಕಮ್ಮಿ. ಅದಕ್ಕೇ ಅಲ್ವಾ ನಾವು ದುಡ್ಡು ಕೊಟ್ಟು ಡಿಸಿಪಿ (ರಂಜಕ ಒದಗಿಸುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಸುರಿಯುವುದು? ಫೈಟೇಸ್ ಹಾಕಿದರೆ ಅದು ಆ ಗಂಟು ಬಿಚ್ಚುತ್ತದೆ, ಡಿಸಿಪಿ ಉಳಿಯುತ್ತದೆ.

ಪುಡಿ, ಹರಳು ಎರಡರದ್ದೂ ಅಳತೆ ಒಂದೇ. ಗ್ರಾಂಗೆ 5000 ಯೂನಿಟ್ ಫೈಟೇಸ್, ಟನ್ ಫೀಡ್‌ಗೆ 100 ಗ್ರಾಂ. ಡಿಸಿಪಿಯನ್ನು ಟನ್‌ಗೆ 15 ಕೆಜಿಯಿಂದ 9ಕ್ಕೆ ಇಳಿಸಿದೆ.

ತೊಂದರೆ ಆಗಿದ್ದು ಪೆಲೆಟ್‌ನಿಂದ. ಹಿಟ್ಟಿನ ಫೀಡನ್ನು ಕೋಳಿಗಳು ಕೆದಕಿ ಚೆಲ್ಲುತ್ತವೆ ಅಂತ ನಾನು ಮಿಲ್‌ನಲ್ಲಿ ಪೆಲೆಟ್ (ಒತ್ತಿ ಮಾಡಿದ ಗುಳಿಗೆ) ಹೊಡೆಸುತ್ತೇನೆ. ಅಲ್ಲಿ ಹಬೆಯ ಬಿಸಿ 80 ಡಿಗ್ರಿ ದಾಟುತ್ತದೆ. ಮೂಟೆ ಮುಟ್ಟಿದಾಗ ಕೈಗೆ ಕಾವು ತಾಗುತ್ತಿತ್ತು, ಆದರೂ ನನಗೆ ಹೊಳೆಯಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಬೆಳೆಯುವ ಮರಿಗಳು ಕುಂಟತೊಡಗಿದವು. ಒಂದನ್ನು ಹಿಡಿದು ಕೊಕ್ಕು ಒತ್ತಿದರೆ ರಬ್ಬರ್ ಹಾಗೆ ಬಾಗಿತು. ಹೊಟ್ಟೆಯಲ್ಲಿ ಸಂಕಟವಾಯಿತು. ಫೈಟೇಸ್ ಅಂದರೆ ಪ್ರೋಟೀನ್, ಜಾಸ್ತಿ ಬಿಸಿಗೆ ಕೆಡುತ್ತದೆ ಅಂತ ಪಶುವೈದ್ಯರು ಬಿಡಿಸಿ ಹೇಳಿದರು. ಅತ್ತ ಡಿಸಿಪಿಯೂ ಕಮ್ಮಿ, ಇತ್ತ ಫೈಟೇಸೂ ಇಲ್ಲ, ಮರಿಗಳ ಮೂಳೆಗೆ ರಂಜಕವೇ ಸಾಲಲಿಲ್ಲ. ತಕ್ಷಣ ಡಿಸಿಪಿ ಮತ್ತೆ 15 ಕೆಜಿ ಮಾಡಿದೆ. ತುಂಬಾ ಮರಿಗಳು ಚೇತರಿಸಿಕೊಂಡವು, ಕೆಲವಕ್ಕೆ ಕಾಲು ಸೊಟ್ಟಗೇ ಉಳಿಯಿತು.

ಮುಂದಿನ ಬ್ಯಾಚ್‌ಗೆ ಹರಳು ಹಾಕಿಸಿದೆ. ಅದೇ ಮಿಲ್, ಅದೇ ಮೆಷಿನ್, ಡಿಸಿಪಿ 9 ಕೆಜಿಯೇ. ಕೋಟಿಂಗ್ ಇದ್ದಿದ್ದರಿಂದ ಹಬೆಯ ಬಿಸಿಯನ್ನು ಹರಳು ತಡೆದುಕೊಂಡಿತು, ಒಂದು ಮರಿಯೂ ಕುಂಟಲಿಲ್ಲ.

ಬೆಲೆ ಹರಳಿಗೇ ಜಾಸ್ತಿ. ಆದರೆ ಟನ್‌ಗೆ ಬೇಕಾಗುವುದು 100 ಗ್ರಾಂ ತಾನೇ, ನನಗೆ ಭಾರ ಅನ್ನಿಸಲಿಲ್ಲ.

ಪುಡಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮನೆಯಲ್ಲೇ ಅರೆದು ಹಿಟ್ಟಾಗಿಯೇ ಹಾಕುವವರು ಸುಮ್ನೆ ಕೋಟಿಂಗ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ಯಾವುದೇ ತಂದರೂ ಮೊದಲು ಒಂದು ಕೆಜಿ ಜೋಳದ ಹಿಟ್ಟಿಗೆ, ಆಮೇಲೆ ಹತ್ತು ಕೆಜಿಗೆ ಬೆರೆಸಿ, ನಂತರ ಮಿಕ್ಸರ್‌ಗೆ ಹಾಕಿ. ಸುಣ್ಣದ ಕಲ್ಲಿನ ಪುಡಿ ಅಳತೆ ಮೀರಿದರೆ ಎರಡೂ ಸರಿಯಾಗಿ ಕೆಲಸ ಮಾಡುವುದಿಲ್ಲ.

ನಮ್ಮ ಕಡೆ ಮನೆಮನೆಯಲ್ಲೂ ಹಸು ಇರುವುದರಿಂದ, ಅದಕ್ಕೂ ಹಾಕಬಹುದಾ ಅಂತ ಕೇಳುತ್ತಾರೆ. ಬೇಕಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳೇ ಫೈಟೇಸ್ ತಯಾರಿಸಿಕೊಳ್ಳುತ್ತವೆ.