ಅಬರ್ಡೇರ್‌ನಿಂದ ಮಾರಾವರೆಗೆ: ಕೀನ್ಯಾದ ಸಫಾರಿ ಲಾಡ್ಜ್‌ಗಳಲ್ಲಿ ದುಡ್ಡು ಎಲ್ಲಿ ಸಾರ್ಥಕ, ಎಲ್ಲಿ ದಂಡ

ನೈರೋಬಿಯಿಂದ ಹೊರಟು ಅಬರ್ಡೇರ್ ಬೆಟ್ಟಸಾಲು, ಮೌಂಟ್ ಕೀನ್ಯಾ ತಪ್ಪಲು, ನ್ಯಾಹುರೂರು, ನಕುರು, ನೈವಾಷಾ, ಕೊನೆಗೆ ಮಸಾಯಿ ಮಾರಾ. ರಸ್ತೆಯಲ್ಲೇ ಕೀನ್ಯಾ ನೋಡುತ್ತೇವೆ ಎನ್ನುವವರಿಗೆ ಟೂರ್ ಕಂಪನಿಗಳು ಹೆಚ್ಚುಕಡಿಮೆ ಇದೇ ಸುತ್ತನ್ನು ಕೊಡುತ್ತವೆ. ಎಂಟು ರಾತ್ರಿ ಬೇಕು. ಐದರಲ್ಲೇ ಮುಗಿಸಿಕೊಡುತ್ತೇವೆ ಎನ್ನುವ ಪ್ಯಾಕೇಜ್ ಕೊಂಡರೆ ಹಗಲೆಲ್ಲ ಕಾರಿನ ಸೀಟಿನಲ್ಲಿ, ಪ್ರಾಣಿ ನೋಡುವುದು ಉಳಿದ ಹೊತ್ತಿನಲ್ಲಿ.

ಬ್ರೋಷರ್ ನೋಡಿದರೆ ಎಲ್ಲ ಲಾಡ್ಜೂ ಒಂದೇ ಥರ: ಈಜುಕೊಳ, ಬಿಳಿ ಸೊಳ್ಳೆಪರದೆ, ಹಿಂದೆ ಕೆಂಪು ಸಂಜೆ. ಅದನ್ನು ನೋಡಿ ಆರಿಸಬೇಡಿ. ಲಾಡ್ಜ್ ಪಾರ್ಕಿನ ಗೇಟಿನ ಒಳಗಿದೆಯೋ ಹೊರಗಿದೆಯೋ, ಎದುರಿಗೆ ಪ್ರಾಣಿಗಳು ಬರುವ ನೀರಿದೆಯೋ ಇಲ್ಲವೋ, ಅಷ್ಟು ಕೇಳಿ. ಕೋಣೆ ಸಾಧಾರಣವಾಗಿದ್ದರೂ ಜಾಗ ಸರಿಯಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಜಾಗವೇ ತಪ್ಪಿದ್ದರೆ ಎಷ್ಟು ಒಳ್ಳೆಯ ಹಾಸಿಗೆಯೂ ಅದನ್ನು ತುಂಬಿಕೊಡುವುದಿಲ್ಲ.

ಮೊದಲು ಬೆಟ್ಟ, ಆಮೇಲೆ ಬಯಲು ಎನ್ನುವ ಕ್ರಮವೇ ಒಳ್ಳೆಯದು. ಮಾರಾದಲ್ಲಿ ಒಂದೇ ಬೆಳಿಗ್ಗೆ ಸಿಂಹ, ಚೀತಾ, ನೂರಾರು ಜೀಬ್ರಾ ನೋಡಿಬಂದವರಿಗೆ ಅಬರ್ಡೇರ್‌ನ ಕೆರೆಯಂಚಿನಲ್ಲಿ ಎರಡು ಗಂಟೆ ಕಾಯುವ ತಾಳ್ಮೆ ಉಳಿಯುವುದಿಲ್ಲ. ಇದಕ್ಕೆ ಒಂದೇ ಅಪವಾದ, ಪ್ರವಾಸ ಜೂನ್ ಕೊನೆಯ ವಾರದಲ್ಲಿ ಬಿದ್ದಾಗ. ಅದರ ಲೆಕ್ಕ ಮಾರಾದ ಮಾತು ಬಂದಾಗ.

ಅಬರ್ಡೇರ್‌ನ ಕಾಡಿನೊಳಗೆ ಸುಮಾರು 2,300 ಮೀಟರ್ ಎತ್ತರದಲ್ಲಿರುವುದು ದಿ ಆರ್ಕ್. ಆರ್ಕ್ ಎಂದರೆ ಬೈಬಲ್ಲಿನ ನೋಹನ ಹಡಗು, ಹೆಸರಿಗೆ ತಕ್ಕಂತೆ ಹಡಗಿನ ಆಕಾರದ ಮರದ ಲಾಡ್ಜ್. ಕೆಳಗೆ ಒಂದು ಕೆರೆ, ಪಕ್ಕದಲ್ಲಿ ಪ್ರಾಣಿಗಳು ನೆಕ್ಕಲು ಬರುವ ಉಪ್ಪು ಮಣ್ಣು. ರಾತ್ರಿಯಿಡೀ ದೀಪ ಉರಿಯುತ್ತಿರುತ್ತದೆ. ಪ್ರಾಣಿಗಳನ್ನು ಹುಡುಕಿಕೊಂಡು ಹೋಗದೆ ಅವು ಬರುವಲ್ಲಿ ಕೂತು ನೋಡುವ ಈ ಪದ್ಧತಿ ಇದೇ ಕಾಡಿನಲ್ಲಿ 1932ರಲ್ಲಿ ಟ್ರೀಟಾಪ್ಸ್ ಎಂಬ ಮರದ ಮೇಲಿನ ಲಾಡ್ಜ್‌ನಿಂದ ಶುರುವಾದದ್ದು. ಕೋಣೆಗಳು ಹಡಗಿನ ಕ್ಯಾಬಿನ್ನಿನಂತೆ ಇಕ್ಕಟ್ಟು. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗವಿಲ್ಲ. ಸಾಮಾನ್ಯ ಕ್ರಮದಲ್ಲಿ ಅತಿಥಿಗಳು ಮ್ವೇಯಿಗಾ ಬಳಿಯ ಅಬರ್ಡೇರ್ ಕಂಟ್ರಿ ಕ್ಲಬ್ಬಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಅವರದೇ ಬಸ್ಸಿನಲ್ಲಿ ಮೇಲಕ್ಕೆ ಹೋಗುತ್ತಾರೆ. ಹಾಗಾಗಿ ಒಂದು ರಾತ್ರಿಗೆ ಬೇಕಾದ ಬಟ್ಟೆ, ಸ್ವೆಟರ್, ಟೋಪಿ, ಔಷಧಿ ಇಷ್ಟನ್ನು ಬೇರೆ ಚೀಲಕ್ಕೆ ಹಾಕಿ ಉಳಿದದ್ದನ್ನು ಕೆಳಗೇ ಬಿಡುವುದು ವಾಸಿ. ನೈರೋಬಿಯಿಂದ ಕ್ಲಬ್ಬಿಗೆ ಹತ್ತಿರದ ಪಟ್ಟಣ ನ್ಯೇರಿಗೆ ಸುಮಾರು 150 ಕಿಲೋಮೀಟರ್. ಬೆಳಿಗ್ಗೆ 8ಕ್ಕೆ ಬಿಟ್ಟರೆ ಊಟದ ಹೊತ್ತಿಗೆ ತಲುಪಬಹುದು. 11ಕ್ಕೆ ಬಿಟ್ಟವರು ಬಸ್ಸನ್ನು ತಡೆದು ನಿಲ್ಲಿಸಲು ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಇಲ್ಲಿನ ನಿಜವಾದ ಸೇವೆ ಅಂದರೆ ಬಜರ್. ಕೋಣೆಯಲ್ಲಿ ಮಲಗಿದ್ದರೂ ಕೆರೆಗೆ ದೊಡ್ಡ ಪ್ರಾಣಿ ಬಂದರೆ ಕಾವಲಿನವರು ಒತ್ತುತ್ತಾರೆ. ಎಷ್ಟು ಸಲ ಬಾರಿಸಿದರೆ ಯಾವ ಪ್ರಾಣಿ ಎಂಬ ಸಂಕೇತ ಇರುತ್ತದೆ. ನಿದ್ದೆ ಬೇಕಾದವರು ಬಜರ್ ಆಫ್ ಮಾಡಿಕೊಳ್ಳಬಹುದು, ಆದರೆ ಹಾಗೆ ಮಾಡುವುದಾದರೆ ಇಲ್ಲಿಗೆ ಬರುವ ಅಗತ್ಯವೇ ಇಲ್ಲ. ಆನೆ, ಕಾಡೆಮ್ಮೆ, ಕತ್ತೆಕಿರುಬ ಸಾಮಾನ್ಯ. ದೈತ್ಯ ಕಾಡುಹಂದಿ ಕಾಣಿಸಿದರೆ ಅದೃಷ್ಟ. ಮೇಲಿನ ಡೆಕ್‌ನಿಂದ ಇಡೀ ಕೆರೆ ಕಾಣುತ್ತದೆ. ಫೋಟೋ ತೆಗೆಯುವವರಿಗೆ ಮಾತ್ರ ನೆಲಮಟ್ಟದ ಕಲ್ಲಿನ ಅಡಗುದಾಣವೇ ಸರಿ. ಆನೆಯ ಪಾದದ ಸುಕ್ಕು, ಕೆಸರು ಮೆತ್ತಿದ ಉಗುರು ಎಣಿಸುವಷ್ಟು ಹತ್ತಿರ. ಫ್ಲ್ಯಾಷ್ ಬೇಡ. ಮೂಕಾಲಿ ಸ್ಟ್ಯಾಂಡಿಗೆ ಜಾಗ ಸಾಲದು, ಕಿಟಕಿಯ ಅಂಚಿಗೆ ಕಾಳು ತುಂಬಿದ ಬಟ್ಟೆಚೀಲ ಇಟ್ಟು ಕ್ಯಾಮೆರಾ ಊರಿದರೆ ಸಾಕು. ಒಂದು ರಾತ್ರಿ ಸಾಕು, ಎರಡನೆಯದು ಬೇಡ.

ಅಲ್ಲಿಂದ ನಾನ್ಯುಕಿ ಕಡೆ ಹೊರಟರೆ ಸಿಗುವುದು ಓಲ್ ಪೆಜೆಟಾ. ಇದು ಸರ್ಕಾರಿ ರಾಷ್ಟ್ರೀಯ ಉದ್ಯಾನ ಅಲ್ಲ, ಸುಮಾರು 90,000 ಎಕರೆಯ ಖಾಸಗಿ ಸಂರಕ್ಷಣಾ ಪ್ರದೇಶ. ಶುಲ್ಕವೂ ಅವರದೇ, ನಿಯಮವೂ ಅವರದೇ. ಈ ಇಡೀ ಸುತ್ತಿನಲ್ಲಿ ದುಡ್ಡಿಗೆ ಅತಿ ಹೆಚ್ಚು ಸಿಗುವುದು ಇಲ್ಲಿ ಎನ್ನಬಹುದು. ಕಪ್ಪು ಘೇಂಡಾಮೃಗ ನೋಡಲು ಪೂರ್ವ ಆಫ್ರಿಕಾದಲ್ಲಿ ಇದಕ್ಕಿಂತ ಭರವಸೆಯ ಜಾಗ ಕಡಿಮೆ. ಜಗತ್ತಿನಲ್ಲಿ ಉಳಿದಿರುವ ಕೊನೆಯ ಎರಡು ಉತ್ತರದ ಬಿಳಿ ಘೇಂಡಾಮೃಗಗಳು, ತಾಯಿ ನಾಜಿನ್ ಮತ್ತು ಮಗಳು ಫಾತು, ಇಲ್ಲೇ ಇವೆ. ಕೊನೆಯ ಗಂಡು ಸೂಡಾನ್ 2018ರ ಮಾರ್ಚ್‌ನಲ್ಲಿ ಸತ್ತಿತು. ಅವುಗಳ ಆವರಣಕ್ಕೆ ಪ್ರತ್ಯೇಕ ಟಿಕೆಟ್, ಮೊದಲೇ ಬುಕ್ ಮಾಡಬೇಕು. ಮಾರಾ ರಿಸರ್ವ್‌ನೊಳಗೆ ನಿಷೇಧವಿರುವ ರಾತ್ರಿ ಸಫಾರಿ ಇಲ್ಲಿ ಉಂಟು. ಅದನ್ನು ಬಿಟ್ಟು ಬರಬೇಡಿ.

ಒಳಗಿನ ಸ್ವೀಟ್‌ವಾಟರ್ಸ್ ಸೆರೆನಾ ಕ್ಯಾಂಪ್ ಟೆಂಟುಗಳ ತಾಣ, ಎದುರಿಗೇ ನೀರಿನ ಹೊಂಡ. ಬುಕ್ ಮಾಡುವಾಗ ‘ಹೊಂಡಕ್ಕೆ ಮುಖ ಮಾಡಿದ ಟೆಂಟ್’ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಮೌಂಟ್ ಕೀನ್ಯಾದ 5,199 ಮೀಟರ್ ಶಿಖರ ಬೆಳಗಿನ ಮೊದಲ ಒಂದೆರಡು ಗಂಟೆ ಮಾತ್ರ ಸ್ಪಷ್ಟ, ಆಮೇಲೆ ಮೋಡ ಮುಚ್ಚುತ್ತದೆ. ಸಮಭಾಜಕ ವೃತ್ತ ಇಲ್ಲೇ ಹಾದುಹೋಗುತ್ತದೆ ಎಂದು ತೆಳು ಬಟ್ಟೆ ತರುವವರು ರಾತ್ರಿ ನಡುಗುತ್ತಾರೆ. ಇಂಥ ಕ್ಯಾಂಪುಗಳಲ್ಲಿ ಊಟಕ್ಕೆ ಹೋದ ಹೊತ್ತಿನಲ್ಲಿ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟು ಹೋಗುವುದು ವಾಡಿಕೆ. ಗೊತ್ತಿಲ್ಲದೆ ಕಾಲು ಚಾಚಿದವರು ಯಾವುದೋ ಪ್ರಾಣಿ ಎಂದು ಚೀರುವುದೂ ವಾಡಿಕೆಯೇ.

ಬಿಸಿನೀರಿನ ಮಾತು. ಬೆಟ್ಟದ ಸಣ್ಣ ಲಾಡ್ಜ್‌ಗಳಲ್ಲಿ ಸೌದೆ ಬಾಯ್ಲರ್ ಇರುತ್ತದೆ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಉರಿ ಹಾಕುತ್ತಾರೆ. ಮಧ್ಯಾಹ್ನ ಎರಡಕ್ಕೆ ನಲ್ಲಿ ತಿರುಗಿಸಿ ತಣ್ಣೀರು ಬಂತೆಂದು ರಿಸೆಪ್ಷನ್ನಿನಲ್ಲಿ ಜಗಳ ಕಾಯುವುದು ವ್ಯರ್ಥ. ಉರಿ ಹಾಕುವ ಹೊತ್ತು, ಜನರೇಟರ್ ಓಡುವ ಹೊತ್ತು, ಎರಡನ್ನೂ ಕೀಲಿ ಪಡೆಯುವಾಗಲೇ ಕೇಳಿಕೊಳ್ಳಿ. ಪ್ಲಗ್ ಚಪ್ಪಟೆ ಮೂರು ಪಿನ್ನಿನದು, 240 ವೋಲ್ಟ್. ದುಂಡು ಪಿನ್ನಿನ ಚಾರ್ಜರಿಗೆ ಅಡಾಪ್ಟರ್ ಬೇಕೇ ಬೇಕು.

ನ್ಯಾಹುರೂರು ಸುಮಾರು 2,300 ಮೀಟರ್ ಎತ್ತರದ ಊರು. 74 ಮೀಟರ್ ಬೀಳುವ ಥಾಮ್ಸನ್ಸ್ ಜಲಪಾತ, ಪಕ್ಕದಲ್ಲೇ ಅದೇ ಹೆಸರಿನ ಹಳೆಯ ಲಾಡ್ಜ್, ಚಳಿಗೆ ಅಗ್ಗಿಷ್ಟಿಕೆ. ಸಫಾರಿ ಇಲ್ಲ, ದರವೂ ಸಫಾರಿ ಲಾಡ್ಜಿನದಲ್ಲ. ದಾರಿಯ ನಡುವೆ ಮೈ ಚೆಲ್ಲಲು ಸರಿಯಾದ ಜಾಗ.

ನಕುರುವಿಗೆ ಫ್ಲೆಮಿಂಗೋ ನೋಡಲೆಂದೇ ಹೋಗುವುದಾದರೆ ಬೇಡ. ಸರೋವರದ ನೀರಿನ ಮಟ್ಟ ಕಳೆದ ದಶಕದಿಂದ ಏರಿ ಉಪ್ಪಿನಂಶ ತೆಳುವಾಗಿದೆ, ಅವು ತಿನ್ನುವ ಪಾಚಿ ಕಡಿಮೆಯಾಗಿದೆ, ಹಕ್ಕಿಗಳ ಬಹುಪಾಲು ಬೊಗೋರಿಯಾ ಮುಂತಾದ ಕಡೆಗೆ ಚದುರಿವೆ. ಹಳೆಯ ಗುಲಾಬಿ ಫೋಟೋ ಇನ್ನೂ ಪ್ಯಾಕೇಜ್‌ಗಳಲ್ಲಿ ಓಡುತ್ತಿದೆ, ಅಷ್ಟೆ. ಬಿಳಿ ಘೇಂಡಾಮೃಗ ಮತ್ತು ರಾಥ್‌ಚೈಲ್ಡ್ ಜಿರಾಫೆಗಾಗಿ ಅರ್ಧ ದಿನ ಕೊಡಿ, ರಾತ್ರಿ ನೈವಾಷಾಗೆ ಉಳಿಸಿ. ಅಬರ್ಡೇರ್, ನಕುರು, ನೈವಾಷಾ ಪಕ್ಕದ ಹೆಲ್ಸ್ ಗೇಟ್, ಈ ಮೂರು ಉದ್ಯಾನಗಳಿಗೂ ಶುಲ್ಕವನ್ನು ಸರ್ಕಾರದ ಇ-ಸಿಟಿಜನ್ ವ್ಯವಸ್ಥೆಯಲ್ಲೇ ಕಟ್ಟಬೇಕು, ಗೇಟಿನಲ್ಲಿ ನಗದು ನಡೆಯದು. ಹಿಂದಿನ ರಾತ್ರಿ ಲಾಡ್ಜಿನ ವೈಫೈ ಇರುವಾಗಲೇ ಮುಗಿಸಿಕೊಳ್ಳಿ.

ನೈವಾಷಾದ ದಕ್ಷಿಣ ದಡದ ಲಾಡ್ಜ್‌ಗಳಲ್ಲಿ ಕತ್ತಲಾದ ಮೇಲೆ ನೀರಾನೆಗಳು ಹುಲ್ಲುಹಾಸಿಗೆ ಮೇಯಲು ಬರುತ್ತವೆ. ಊಟದ ಮನೆಯಿಂದ ಕೋಣೆಗೆ ಐವತ್ತೇ ಹೆಜ್ಜೆ ಇದ್ದರೂ ಟಾರ್ಚ್ ಹಿಡಿದ ಕಾವಲುಗಾರನಿಲ್ಲದೆ ನಡೆಯಬಾರದು. ಅವನನ್ನು ಅಲ್ಲಿ ‘ಅಸ್ಕಾರಿ’ ಎನ್ನುತ್ತಾರೆ. ಪಕ್ಕದ ಹೆಲ್ಸ್ ಗೇಟ್‌ನಲ್ಲಿ ಸೈಕಲ್ ತುಳಿಯುತ್ತಾ ಜೀಬ್ರಾಗಳ ನಡುವೆ ಹೋಗಬಹುದು. ಅಲ್ಲಿನ ಕಂದರಕ್ಕೆ ಮೋಡ ಕವಿದ ದಿನ ಇಳಿಯಲೇಬೇಡಿ. 2019ರಲ್ಲಿ ದಿಢೀರ್ ಬಂದ ನೀರು ಪ್ರವಾಸಿಗರನ್ನು ಕೊಚ್ಚಿಕೊಂಡು ಹೋಗಿದೆ.

ಇನ್ನು ಮಾರಾ. ಲಾಡ್ಜಿನ ದರಕ್ಕಿಂತ ಇಲ್ಲಿ ಪ್ರವೇಶ ಶುಲ್ಕವೇ ಬಜೆಟ್ ಮುರಿಯುವುದು. 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಇಬ್ಬರು ಎರಡು ದಿನ ಇದ್ದರೆ ಜೂನ್ 29-30ಕ್ಕೆ 400, ಜುಲೈ 1-2ಕ್ಕೆ 800. ಜೂನ್ ಕೊನೆಗೆ ಹೋಗುವವರು ಮೊದಲು ಮಾರಾ ಮುಗಿಸಿ ಆಮೇಲೆ ಬೆಟ್ಟ ಹತ್ತಬೇಕು ಎನ್ನುವುದು ಇದಕ್ಕೇ. ಟಿಕೆಟ್ ಹಳೆಯ 24 ಗಂಟೆಯ ಲೆಕ್ಕದ್ದಲ್ಲ, ಬೆಳಿಗ್ಗೆ 6ರಿಂದ ಸಂಜೆ 6ರವರೆಗಿನ 12 ಗಂಟೆಯದು. ಒಳಗೆ ತಂಗಿದವರು ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟ್ ದಾಟಬೇಕು, ತಡವಾದರೆ ಇನ್ನೊಂದು ದಿನದ ಶುಲ್ಕ. ಹಾಗಾಗಿ ಕೊನೆಯ ಬೆಳಿಗ್ಗೆ ‘ಒಂದು ಸಣ್ಣ ಸಫಾರಿ ಮುಗಿಸಿ, ತಿಂಡಿ ತಿಂದು ಹೊರಡೋಣ’ ಎನ್ನುವ ಯೋಜನೆ ದುಬಾರಿ. ತಿಂಡಿ ಡಬ್ಬಿ ಕಟ್ಟಿಸಿಕೊಂಡು, ಸಾಮಾನು ಕಾರಿಗೆ ಹಾಕಿಕೊಂಡೇ 6ಕ್ಕೆ ಹೊರಟು, ಸಫಾರಿ ಮಾಡುತ್ತಲೇ ಗೇಟಿನ ಕಡೆ ಸರಿಯುವುದು ಸರಿಯಾದ ಉಪಾಯ.

ಸೆಕೆನಾನಿ, ತಾಲೆಕ್ ಗೇಟುಗಳ ಹೊರಗೆ ಅಗ್ಗದ ಕ್ಯಾಂಪುಗಳು ಸಾಲಾಗಿವೆ. ರಾತ್ರಿಗೆ ಉಳಿಯುವ ದುಡ್ಡು ನಿಜ. ಆದರೆ ಊಟಕ್ಕೆ ಹೊರಬಂದು ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಹೋಗಬಹುದೆಂದು ನೆಚ್ಚಿಕೊಳ್ಳಬೇಡಿ. ಬುತ್ತಿ ಕಟ್ಟಿಸಿಕೊಂಡು ಇಡೀ ದಿನ ಒಳಗೇ ಇರಿ. ರಿಸರ್ವ್‌ನ ಪಶ್ಚಿಮ ಭಾಗವಾದ ಮಾರಾ ಟ್ರಯಾಂಗಲ್‌ನ ಆಡಳಿತ ಬೇರೆ. ಗುಡ್ಡದ ಮೇಲಿನ ಮಾರಾ ಸೆರೆನಾ ಲಾಡ್ಜ್ ಇರುವುದು ಆ ಕಡೆ. ಲಾಡ್ಜ್ ಯಾವ ಕಡೆಯೋ ಟಿಕೆಟ್ ಆ ಕಡೆಯದಾಗಿರಲಿ. ಟ್ರಯಾಂಗಲ್‌ನಲ್ಲಿ ಒಂದು ಚಿರತೆಯ ಸುತ್ತ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು ಎಂಬ ನಿಯಮವಿದೆ, ಪಾಲನೆಯೂ ಬಿಗಿ. ನೋಟ ಶಾಂತವಾಗಿ ಸಿಗುವುದಕ್ಕೆ ಅದೇ ಕಾರಣ. ರಿಸರ್ವ್‌ಗೆ ತಾಗಿಕೊಂಡಿರುವ ನಬೋಯಿಷೋ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳ (ಸರ್ಕಾರಿಯಲ್ಲದ ಸಂರಕ್ಷಣಾ ಪ್ರದೇಶಗಳ) ಕ್ಯಾಂಪ್ ಇನ್ನೂ ದುಬಾರಿ, ಆದರೆ ಅಲ್ಲಿ ನಡಿಗೆಗೂ ರಾತ್ರಿ ಸಫಾರಿಗೂ ಅವಕಾಶ, ಜಂಗುಳಿಯೂ ಕಡಿಮೆ.

ವಾಹನದಲ್ಲಿ ಜಿಪುಣತನ ಬೇಡ. ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್, ಪ್ರತಿಯೊಬ್ಬರಿಗೂ ಒಂದು ಕಿಟಕಿ, ಎರಡು ಹೆಚ್ಚುವರಿ ಟೈರ್. ಗರಸು ಹಾಕಿದ ಮುಖ್ಯ ದಾರಿ ಬಿಟ್ಟರೆ ಮಾರಾದ ಬಹುಭಾಗ ಎರೆಮಣ್ಣು. ಒಂದು ಗಂಟೆ ಮಳೆ ಬಿದ್ದರೆ ಸಾಕು, ಟೈರಿನ ಪಟ್ಟಿಗಳೊಳಗೆ ಮಣ್ಣು ತುಂಬಿ ಚಕ್ರ ಸಾಬೂನಿನಂತೆ ಜಾರುತ್ತದೆ. ಆಗ ಬ್ರೇಕ್ ಒತ್ತದೆ, ನಾಲ್ಕೂ ಚಕ್ರದ ಗೇರಿನಲ್ಲಿ, ಎರಡನೇ ಗೇರಿಗಿಟ್ಟು ಒಂದೇ ವೇಗದಲ್ಲಿ ಸಾಗಬೇಕು. ಹೂತರೆ ಜಾಕ್ ಏರಿಸಿದಷ್ಟೂ ಜಾಕೇ ಮಣ್ಣಿಗಿಳಿಯುತ್ತದೆ. ಅದರಡಿಗೆ ಇಡಲು ಒಂದು ಮೊಳ ಅಗಲದ ಗಟ್ಟಿ ಹಲಗೆ ಇದೆಯೇ ಎಂದು ಬಾಡಿಗೆಗೆ ಕೊಡುವವರನ್ನು ಮೊದಲೇ ಕೇಳಿ. ಮಾರ್ಚ್‌ನಿಂದ ಮೇ ವರೆಗಿನ ದೊಡ್ಡ ಮಳೆಯಲ್ಲಿ ಸ್ವಂತ ಡ್ರೈವಿಂಗ್‌ನ ಆಸೆ ಬಿಡಿ. ಅಲ್ಲೂ ಎಡಗಡೆಯೇ ಓಡಿಸುವುದರಿಂದ ದಾರಿ ಕಷ್ಟವಲ್ಲ. ಬಣ್ಣ ಹೊಡೆಯದ ರೋಡ್ ಹಂಪ್ ಮತ್ತು ಎಲ್ಲೆಂದರಲ್ಲಿ ನಿಲ್ಲುವ ಮಟಾಟು ವ್ಯಾನುಗಳೇ ಕಾಟ. ನಾರೋಕ್‌ನಲ್ಲಿ ಟ್ಯಾಂಕ್ ತುಂಬಿಸಿಯೇ ಮಾರಾ ಕಡೆ ತಿರುಗಿ.

ಸಸ್ಯಾಹಾರಿಗಳಿಗೆ ಈ ದಾರಿಯಲ್ಲಿ ಉಪವಾಸವೇನಿಲ್ಲ. ಮೆಕ್ಕೆಜೋಳ-ಬೀನ್ಸ್ ಕಾಳು ಬೇಯಿಸಿದ ಗಿಥೇರಿ, ಸೊಪ್ಪಿನ ಪಲ್ಯ ಸುಕುಮಾ ವಿಕಿ, ಚಪಾತಿ ಎಲ್ಲೆಡೆ ಸಿಗುತ್ತವೆ. ದೊಡ್ಡ ಲಾಡ್ಜ್‌ಗಳ ಬಫೆಯಲ್ಲಿ ದಾಲ್ ಇದ್ದೇ ಇರುತ್ತದೆ. ತೊಂದರೆ ಬರುವುದು ಬುತ್ತಿ ಡಬ್ಬಿಯಲ್ಲಿ: ಕೋಳಿ ಕಾಲು, ಬೇಯಿಸಿದ ಮೊಟ್ಟೆ. ಹಿಂದಿನ ರಾತ್ರಿ ಊಟದ ಹೊತ್ತಿಗೇ ಮಾಂಸ, ಮೀನು, ಮೊಟ್ಟೆ ಒಂದೊಂದನ್ನೂ ಬಿಡಿಸಿ ಹೇಳಿ. ಉದ್ಯಾನಗಳೊಳಗೆ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 2020ರ ಜೂನ್‌ನಿಂದ ನಿಷೇಧ, ಪ್ಲಾಸ್ಟಿಕ್ ಕೈಚೀಲಕ್ಕೆ ದೇಶಾದ್ಯಂತ 2017ರಿಂದಲೇ. ಸ್ಟೀಲ್ ಬಾಟಲಿ ತನ್ನಿ. ಟೆಂಟಿನ ಜಿಪ್ ಎಳೆಯಲು ಕೋತಿಗಳಿಗೆ ಬರುತ್ತದೆ. ಎರಡು ಜಿಪ್ಪಿನ ತುದಿಗಳನ್ನು ಒಂದು ಕ್ಲಿಪ್ಪಿನಿಂದ ಕೂಡಿಸಿಟ್ಟರೆ ಬಿಸ್ಕತ್ತು ಉಳಿಯುತ್ತದೆ.

ಮಾರಾದಿಂದ ಹೊರಟ ದಿನವೇ ವಿಮಾನ ಹಿಡಿಯುವುದಾದರೆ ಅದು ರಾತ್ರಿಯ ವಿಮಾನವಾಗಿರಲಿ. ಸೆಕೆನಾನಿಯಿಂದ ನೈರೋಬಿಗೆ ಐದು ಗಂಟೆ ಎನ್ನುತ್ತಾರೆ, ಆದರೆ ಮೈ ಮಹಿಯು ಏರುದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆ ಲೆಕ್ಕ ಏಳಕ್ಕೆ ಹೋಗುತ್ತದೆ. ಸಂಜೆಗೆ ಮುಂಚಿನ ವಿಮಾನವಾದರೆ ಹಿಂದಿನ ರಾತ್ರಿ ನೈರೋಬಿಯಲ್ಲೇ ಮಲಗಿ. ಹಳದಿ ಜ್ವರದ ಲಸಿಕೆ ಪತ್ರ ಕೈಚೀಲದಲ್ಲಿರಲಿ. ಕೀನ್ಯಾದಿಂದ ಭಾರತಕ್ಕೆ ಇಳಿಯುವಾಗ ಕೇಳುತ್ತಾರೆ, ಲಸಿಕೆ ಹಾಕಿಸಿ ಹತ್ತು ದಿನ ಕಳೆದಿರಬೇಕು.