ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಎಎಂ4 ಡೆಸ್ಕ್‌ಟಾಪ್: 2020ರಿಂದ ಇಂದಿನವರೆಗಿನ ಬಳಕೆಯ ವಿಮರ್ಶೆ

2020ರ ಆರಂಭದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಭಾಗಗಳನ್ನು ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಇಂದಿಗೂ ನನ್ನ ದಿನದ ಕೆಲಸವನ್ನು ನಿಭಾಯಿಸುತ್ತಿದೆ. ಅದರ ಕ್ಯಾಬಿನೆಟ್, ಮದರ್‌ಬೋರ್ಡ್ ಮತ್ತು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅಂದು ತಂದವೇ ಆಗಿವೆ. ಪ್ರೊಸೆಸರ್, ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಕಡತಗಳನ್ನು ಉಳಿಸುವ ಡ್ರೈವ್) ಮಾತ್ರ ಬದಲಾಗಿವೆ. ಹೊಸ ಕಂಪ್ಯೂಟರ್ ಕೊಳ್ಳಲು ಹೊರಟ ಗೆಳೆಯರು ಮತ್ತು ಬಂಧುಗಳು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲಿಗೆ ಈ ಯಂತ್ರವನ್ನೇ ಮುಂದಿಟ್ಟುಕೊಂಡು ಉತ್ತರಿಸಬಹುದು ಎಂಬ ನಂಬಿಕೆಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸದ ಸ್ವರೂಪವನ್ನು ಹೇಳಬೇಕು, ಏಕೆಂದರೆ ಕೆಲಸ ಯಾವುದೆಂದು ತಿಳಿಯದೆ ಯಂತ್ರವನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ಅರ್ಥವಿಲ್ಲ. ನಾನು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ; ಜೊತೆಗೆ ಹಳೆಯ ಪುಸ್ತಕ ಮತ್ತು ನಿಯತಕಾಲಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ತಂತ್ರಾಂಶದ ಮೂಲಕ ಅಕ್ಷರಗಳಾಗಿ ಪರಿವರ್ತಿಸಿ, ತಿದ್ದಿ ಕೊಡುತ್ತೇನೆ. ಆಟಗಳನ್ನು ಆಡುವುದಿಲ್ಲ, ವಿಡಿಯೊ ಸಂಕಲನ ಅಪರೂಪ. ಈ ಕೆಲಸಕ್ಕೆಂದು ಅಂದು ಆರಿಸಿದ್ದು ಎಎಂಡಿಯ ರೈಜನ್ 5 3600 ಪ್ರೊಸೆಸರ್, ಎಎಂ4 ಎಂಬ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎರಡು 8 ಜಿಬಿ ಕಡ್ಡಿಗಳಾಗಿ 16 ಜಿಬಿ ಡಿಡಿಆರ್4 ರ‍್ಯಾಮ್, 500 ಜಿಬಿಯ ಎನ್‌ವಿಎಂಇ (ಹೆಚ್ಚು ವೇಗದ ಬಗೆಯ) ಎಸ್‌ಎಸ್‌ಡಿ, 4 ಜಿಬಿಯ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಮತ್ತು 550 ವಾಟ್‌ನ 80 ಪ್ಲಸ್ ಬ್ರಾಂಜ್ ದಕ್ಷತೆಯ ಎಸ್‌ಎಂಪಿಎಸ್. ಮಾನಿಟರ್ ಬಿಟ್ಟು ಎಲ್ಲವೂ 60,000 ರೂಪಾಯಿಯೊಳಗೆ ಬಂದವು.

ಅಂಗಡಿಯಲ್ಲಿ ಕೊಟೇಷನ್ ಬರೆಯುವವರು ಪ್ರತಿ ಭಾಗಕ್ಕೂ ಒಂದು ಮೆಟ್ಟಿಲು ಮೇಲಿನದನ್ನು ತೋರಿಸಿ, "ಇದನ್ನ ತಗೊಂಡ್ರೆ ಐದು ವರ್ಷ ಯೋಚ್ನೆ ಇರಲ್ಲ ಸರ್" ಎನ್ನುವುದು ವಾಡಿಕೆ. ನನ್ನ ಅನುಭವ ಹೇಳುವುದು ಬೇರೆ. ಐದು ವರ್ಷದ ನಂತರ ಬೇಕಾಗಬಹುದಾದ ವೇಗವನ್ನು ಇಂದೇ ಕೊಂಡಿಟ್ಟರೆ ಅದು ಬೇಕಾಗುವ ಹೊತ್ತಿಗೆ ಹಳತಾಗಿರುತ್ತದೆ, ಅಗ್ಗವೂ ಆಗಿರುತ್ತದೆ. ಇಂದು ಕೊಳ್ಳಬೇಕಾದದ್ದು, ಮುಂದೆ ಆ ವೇಗವನ್ನು ಕೂರಿಸಲು ಬೇಕಾದ ಜಾಗವನ್ನು: ಖಾಲಿ ರ‍್ಯಾಮ್ ಸ್ಲಾಟ್, ಇನ್ನೂ ಹಲವು ವರ್ಷ ಹೊಸ ಪ್ರೊಸೆಸರ್‌ಗಳು ಬರಲಿರುವ ಸಾಕೆಟ್, ಸ್ವಲ್ಪ ಹೆಚ್ಚಿನ ಸಾಮರ್ಥ್ಯದ ಎಸ್‌ಎಂಪಿಎಸ್, ಗಾಳಿಯಾಡುವ ಕ್ಯಾಬಿನೆಟ್.

ಎಎಂ4 ಸಾಕೆಟ್ ಈ ವಿಷಯದಲ್ಲಿ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ. 2017ರಲ್ಲಿ ಮೊದಲ ರೈಜನ್‌ಗಳೊಂದಿಗೆ ಜನಪ್ರಿಯವಾದ ಈ ಸಾಕೆಟ್‌ಗೆ 2024ರಲ್ಲೂ ಹೊಸ ಪ್ರೊಸೆಸರ್‌ಗಳು ಬಂದವು. ಅದೇ ಅವಧಿಯಲ್ಲಿ ಇಂಟೆಲ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 1151ರಿಂದ 1200ಕ್ಕೆ, ಅಲ್ಲಿಂದ 1700ಕ್ಕೆ, 2024ರ ಅಕ್ಟೋಬರ್‌ನಲ್ಲಿ 1851ಕ್ಕೆ ಸಾಗಿದವು. ಪ್ರತಿ ಬಾರಿಯೂ ಮದರ್‌ಬೋರ್ಡ್ ಬದಲಿಸಲೇಬೇಕಾಯಿತು. ಆದರೆ ಎಎಂಡಿಯ ಈ ಉದಾರತೆ ತಾನಾಗಿಯೇ ಬಂದದ್ದಲ್ಲ ಎಂಬುದನ್ನೂ ದಾಖಲಿಸಬೇಕು. 2020ರ ಮೇ ತಿಂಗಳಲ್ಲಿ ಆ ಕಂಪನಿ ಮುಂಬರುವ ಜೆನ್ 3 ವಿನ್ಯಾಸದ ಪ್ರೊಸೆಸರ್‌ಗಳು (ರೈಜನ್ 5000 ಸರಣಿ) ಬಿ450 ಬೋರ್ಡ್‌ಗಳಲ್ಲಿ ಕೆಲಸ ಮಾಡುವುದಿಲ್ಲ ಎಂದು ಮೊದಲು ಹೇಳಿತ್ತು. ಬಳಕೆದಾರರು ಜೋರಾಗಿ ಆಕ್ಷೇಪಿಸಿದ ಮೇಲೆ ಅದೇ ತಿಂಗಳು ನಿಲುವು ಬದಲಿಸಿತು. ಗ್ರಾಹಕರು ದನಿ ಎತ್ತಿದರೆ ಫಲವಿದೆ ಎಂಬುದಕ್ಕೆ ನನ್ನ ಮೇಜಿನ ಪಕ್ಕದಲ್ಲಿರುವ ಈ ಬೋರ್ಡೇ ಸಾಕ್ಷಿ.

2023ರಲ್ಲಿ ನಾನು ಪ್ರೊಸೆಸರ್ ಬದಲಿಸಿ ರೈಜನ್ 7 5700ಎಕ್ಸ್ ಹಾಕಿಸಿದೆ. ಆರು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಜಾಗದಲ್ಲಿ ಎಂಟು ಕೋರ್‌ಗಳು ಬಂದವು; ವಿದ್ಯುತ್ ವರ್ಗ ಮೊದಲಿನಂತೆ 65 ವಾಟ್. ಟೆಸರಾಕ್ಟ್‌ಗೆ ಪುಟಗಳನ್ನು ಸಾಲಾಗಿ ಕೊಡದೆ ಕೋರ್‌ಗೊಂದರಂತೆ ಹಂಚಿಕೊಡುವುದು ನನ್ನ ರೂಢಿಯಾದ್ದರಿಂದ ಕೋರ್‌ಗಳ ಹೆಚ್ಚಳ ಕೆಲಸದಲ್ಲಿ ನೇರವಾಗಿ ಕಾಣಿಸಿತು. ರಾತ್ರಿ ಹಚ್ಚಿಟ್ಟು ಮಲಗಬೇಕಿದ್ದ ಒಂದು ಪುಸ್ತಕದ ಕೆಲಸ ಸಂಜೆಯೊಳಗೆ ಮುಗಿಯತೊಡಗಿತು. ಪುಟವಿನ್ಯಾಸದಲ್ಲಿ ಮಾತ್ರ ವ್ಯತ್ಯಾಸ ಅಲ್ಪ. ಈ ಬದಲಾವಣೆಗೆ ಮುನ್ನ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಅನ್ನು ಹೊಸ ಆವೃತ್ತಿಗೆ ಏರಿಸುವುದು ಕಡ್ಡಾಯ, ಮತ್ತು ಅದನ್ನು ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿ ಇರುವಾಗಲೇ ಮಾಡಬೇಕು. 5700ಎಕ್ಸ್‌ನ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಬಿ450ರ ಮಿತಿಗಳೂ ಸ್ಪಷ್ಟವಾಗಿವೆ. ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್‌ಗಳನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ಸಂಪರ್ಕದಲ್ಲಿ ಅದು ಮೂರನೆಯ ಪೀಳಿಗೆಗೆ (3.0) ನಿಲ್ಲುತ್ತದೆ, ನಾಲ್ಕನೆಯ ಪೀಳಿಗೆಯ ಎಸ್‌ಎಸ್‌ಡಿಯನ್ನು ಹಾಕಿದರೂ ಓದುವ ವೇಗ ಸೆಕೆಂಡಿಗೆ ಸುಮಾರು 3,500 ಎಂಬಿಯ ಆಸುಪಾಸಿನಲ್ಲಿಯೇ ಇರುತ್ತದೆ. ಇದು ನನ್ನನ್ನು ಬಾಧಿಸಿಲ್ಲ. ಹಾರ್ಡ್ ಡಿಸ್ಕ್‌ನಿಂದ ಸುಮಾರು 550 ಎಂಬಿ ವೇಗದ, ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಗೆ ಹೋದಾಗ ಆಗುವ ಬದಲಾವಣೆ ಯಾರ ಕಣ್ಣಿಗೂ ಬೀಳುತ್ತದೆ. ಎನ್‌ವಿಎಂಇಯ ಒಂದು ಪೀಳಿಗೆಯಿಂದ ಮುಂದಿನದಕ್ಕೆ ಹೋದಾಗ ನನ್ನಂತಹ ಬಳಕೆದಾರನಿಗೆ ಏನೂ ತಿಳಿಯುವುದಿಲ್ಲ. ಎಸ್‌ಎಸ್‌ಡಿ ಆರಿಸುವಾಗ ವೇಗದ ಅಂಕಿಗಿಂತ ಅದರ ಒಳಗಿನ ಮೆಮೊರಿ ಟಿಎಲ್‌ಸಿಯೋ (ಒಂದು ಕೋಶದಲ್ಲಿ ಮೂರು ಬಿಟ್) ಕ್ಯೂಎಲ್‌ಸಿಯೋ (ನಾಲ್ಕು ಬಿಟ್) ಎಂಬುದನ್ನೂ, ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ಇದೆ ಎಂಬುದನ್ನೂ ನೋಡಬೇಕು. ದೊಡ್ಡ ಕಡತಗಳನ್ನು ಒಂದೇ ಸಮನೆ ಬರೆಯುವವರಿಗೆ ಟಿಎಲ್‌ಸಿಯೇ ಸರಿ. ಕ್ಯೂಎಲ್‌ಸಿ ಡ್ರೈವ್‌ಗಳ ಕ್ಯಾಶ್ (ವೇಗದ ತಾತ್ಕಾಲಿಕ ಜಾಗ) ತುಂಬಿದ ಮೇಲೆ ಬರೆಯುವ ವೇಗ ತೀವ್ರವಾಗಿ ಕುಸಿಯುತ್ತದೆ.

ರ‍್ಯಾಮ್ ಎಷ್ಟು ಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಊಹೆಯ ಬದಲು ಲೆಕ್ಕ ಮಾಡಿ ಉತ್ತರಿಸಬಹುದು. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3.5 ಕೋಟಿ ಪಿಕ್ಸೆಲ್‌ಗಳಾಗುತ್ತವೆ. ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ ತೆರೆದ ಪುಟ 100 ಎಂಬಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಅದರ ಮೇಲೆ ನಾಲ್ಕಾರು ಲೇಯರ್‌ಗಳು, ರದ್ದು ಮಾಡಲು ಉಳಿಸಿಕೊಂಡ ಹಂತಗಳು, ಜೊತೆಗೆ ಎಂಟು ಟೆಸರಾಕ್ಟ್ ಪ್ರಕ್ರಿಯೆಗಳು ಮತ್ತು ಬ್ರೌಸರ್ ಸೇರಿದರೆ 16 ಜಿಬಿ ಸಾಲುವುದಿಲ್ಲ ಎಂದು ಕಾಗದದ ಮೇಲೆಯೇ ತಿಳಿಯುತ್ತದೆ. ಖಾಲಿ ಇದ್ದ ಎರಡು ಸ್ಲಾಟ್‌ಗಳನ್ನು ತುಂಬಿ 32 ಜಿಬಿ ಮಾಡಿದ್ದು ಈ ಯಂತ್ರಕ್ಕೆ ನಾನು ಮಾಡಿದ ಅತ್ಯಂತ ಸಾರ್ಥಕ ಖರ್ಚು. ಬರವಣಿಗೆ, ಲೆಕ್ಕಪತ್ರ, ಆನ್‌ಲೈನ್ ತರಗತಿಗಳಷ್ಟೇ ಇರುವವರಿಗೆ 16 ಜಿಬಿ ಸಾಕು. 8 ಜಿಬಿಯನ್ನು ಇಂದು ಯಾರಿಗೂ ಸೂಚಿಸಲಾರೆ.

ಈ ರ‍್ಯಾಮ್ ಕಡ್ಡಿಗಳಲ್ಲೊಂದು ನಡುವೆ ಕೈಕೊಟ್ಟಿತು. ಕಾರಣವಿಲ್ಲದೆ ತಂತ್ರಾಂಶಗಳು ಮುಚ್ಚಿಹೋಗುತ್ತಿದ್ದುದರಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಕಡ್ಡಿಗಳನ್ನು ಒಂದೊಂದಾಗಿ ಹಾಕಿ ನೋಡಿ, ದೋಷವಿದ್ದದ್ದನ್ನು ಗುರುತಿಸಿದೆ. ಪೆಟ್ಟಿಗೆಯ ಮೇಲೆ ಲೈಫ್‌ಟೈಮ್ ವಾರಂಟಿ ಎಂದು ಅಚ್ಚಾಗಿತ್ತು; ಸರ್ವಿಸ್ ಸೆಂಟರ್‌ನವರು ಸೀರಿಯಲ್ ಸಂಖ್ಯೆ ಇರುವ ಜಿಎಸ್‌ಟಿ ಬಿಲ್ ಕೇಳಿದರು, ವಾರಗಟ್ಟಲೆ ಕಾಯಿಸಿದರು, ಕೊನೆಗೆ ಬೇರೆ ಕಡ್ಡಿಯನ್ನು ಕೊಟ್ಟರು. ಬಿಲ್ ಇಲ್ಲದೆ ಒಂದೆರಡು ಸಾವಿರ ಕಡಿಮೆಗೆ ಕೊಡುತ್ತೇವೆ ಎನ್ನುವ ಅಂಗಡಿಗಳ ಮಾತಿಗೆ ಒಪ್ಪಬಾರದು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡವರಿಗೆ ಸೆಕೆಗಿಂತ ಕರೆಂಟ್ ಮತ್ತು ಧೂಳು ದೊಡ್ಡ ಚಿಂತೆಗಳು. ಇಲ್ಲಿನ ಹವೆಯಲ್ಲಿ ಸಾಧಾರಣ ಏರ್ ಕೂಲರ್ ಸಾಕು. ವಾಟರ್ ಕೂಲಿಂಗ್‌ಗೆ ಕೊಡುವ ಹಣವನ್ನು ಎಸ್‌ಎಂಪಿಎಸ್‌ಗೆ ಕೊಡುವುದು ಲೇಸು. ಏಪ್ರಿಲ್, ಮೇ ತಿಂಗಳ ಮಳೆಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಗಿ ಬಂದು ಮತ್ತೆ ಹೋಗುತ್ತದೆ, ಮತ್ತು ಆ ಹೊಯ್ದಾಟವನ್ನು ಮೊದಲು ಎದುರಿಸುವುದು ಎಸ್‌ಎಂಪಿಎಸ್. ನನ್ನ ಯಂತ್ರ ಮಾನಿಟರ್ ಸೇರಿ ಕೆಲಸದ ಒತ್ತಡದಲ್ಲಿಯೂ 200 ವಾಟ್ ದಾಟುವುದಿಲ್ಲ ಎಂದು ವಾಟ್ ಮೀಟರ್ ಹಾಕಿ ನೋಡಿಕೊಂಡಿದ್ದೇನೆ. ಆದ್ದರಿಂದ ಸುಮಾರು 360 ವಾಟ್ ಕೊಡುವ 600 ವಿಎ ಯುಪಿಎಸ್ ಸಾಕಾಗಿದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಬೇಕು. ಬನಶಂಕರಿ ಕಡೆ ನಮ್ಮ ಬೀದಿಯಲ್ಲಿ ಸದಾ ಒಂದಲ್ಲ ಒಂದು ಕಟ್ಟಡ ಏಳುತ್ತಿರುವುದರಿಂದ ಕ್ಯಾಬಿನೆಟ್‌ನ ಮುಂಭಾಗದ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯುತ್ತೇನೆ, ವರ್ಷಕ್ಕೊಮ್ಮೆ ಬ್ಲೋವರ್ ಹಿಡಿದು ಒಳಗಿನ ಧೂಳು ತೆಗೆಯುತ್ತೇನೆ. ಹಾಗೆ ಮಾಡುವಾಗ ಫ್ಯಾನ್‌ಗಳನ್ನು ಬೆರಳಿನಿಂದ ತಡೆದಿಡಬೇಕು.

ಮುಂದಿನ ತಂತ್ರಜ್ಞಾನದ ಪ್ರಶ್ನೆಗಳಲ್ಲಿ ಈಗ ಹೆಚ್ಚು ಕೇಳಿಬರುವುದು ಎನ್‌ಪಿಯು (ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಘಟಕ) ಕುರಿತದ್ದು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಎಂಬ ಕಂಪ್ಯೂಟರ್ ವರ್ಗವನ್ನು ಪ್ರಕಟಿಸಿ, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕಗಳನ್ನು, ಅಂದರೆ 40 ಟಾಪ್ಸ್ ಮಾಡಬಲ್ಲ ಎನ್‌ಪಿಯು ಇರಬೇಕೆಂದು ನಿಗದಿಪಡಿಸಿತು. ಅಂದಿನಿಂದ ಲ್ಯಾಪ್‌ಟಾಪ್ ಜಾಹೀರಾತುಗಳೆಲ್ಲ ಈ ಅಂಕಿಯನ್ನೇ ಹಿಡಿದಿವೆ. ನಾನು ನನ್ನ ಡೆಸ್ಕ್‌ಟಾಪ್‌ನಲ್ಲಿ ಚಾಟ್‌ಬಾಟ್‌ಗಳ ಹಿಂದಿರುವಂತಹ ಚಿಕ್ಕ ಭಾಷಾ ಮಾದರಿಗಳನ್ನು ಇಳಿಸಿಕೊಂಡು, ಒಸಿಆರ್ ಮಾಡಿದ (ಸ್ಕ್ಯಾನ್‌ನಿಂದ ಅಕ್ಷರಗಳಾಗಿಸಿದ) ಪಠ್ಯದ ತಪ್ಪುಗಳನ್ನು ಹಿಡಿಸಲು ಪ್ರಯತ್ನಿಸಿ ನೋಡಿದ್ದೇನೆ. ಅಲ್ಲಿ ಕಂಡದ್ದು, ಅಡ್ಡಿಯಾಗುವುದು ಲೆಕ್ಕದ ವೇಗವಲ್ಲ, ಮೆಮೊರಿಯ ವೇಗ. 700 ಕೋಟಿ ಪ್ಯಾರಾಮೀಟರ್‌ಗಳ (ಒಳಗಿನ ಸಂಖ್ಯೆಗಳ) ಮಾದರಿಯನ್ನು 4 ಬಿಟ್‌ಗೆ ಕುಗ್ಗಿಸಿದರೂ ಅದು 4 ಜಿಬಿಯಷ್ಟು ಜಾಗ ಬೇಡುತ್ತದೆ; ಒಂದೊಂದು ಟೋಕನ್ (ಪದದ ತುಣುಕು) ಹೊರಡಿಸುವಾಗಲೂ ಅಷ್ಟನ್ನೂ ಮೆಮೊರಿಯಿಂದ ಓದಬೇಕಾಗುತ್ತದೆ. ಎರಡು ಚಾನೆಲ್‌ಗಳ (ಮೆಮೊರಿಗೆ ಹೋಗುವ ದಾರಿಗಳ) ಡಿಡಿಆರ್4-3200 ಸೆಕೆಂಡಿಗೆ ಗರಿಷ್ಠ 51.2 ಜಿಬಿಯಷ್ಟೇ ಕೊಡಬಲ್ಲದು. ಆದ್ದರಿಂದ ಸೆಕೆಂಡಿಗೆ ಹತ್ತು ಹನ್ನೆರಡು ಟೋಕನ್‌ಗಳಿಗಿಂತ ಹೆಚ್ಚು ಹೊರಡಲು ಸಾಧ್ಯವೇ ಇಲ್ಲ. ಕನ್ನಡ ಪದಗಳು ಇಂಗ್ಲಿಷಿನವುಗಳಿಗಿಂತ ಹೆಚ್ಚು ಟೋಕನ್‌ಗಳಾಗಿ ಒಡೆಯುವುದರಿಂದ ನಮಗೆ ಈ ನಿಧಾನ ಇನ್ನಷ್ಟು ತಟ್ಟುತ್ತದೆ. ಡಿಡಿಆರ್5-6000 ಇದ್ದರೆ ಮೆಮೊರಿಯ ಮಿತಿ ಸೆಕೆಂಡಿಗೆ 96 ಜಿಬಿಗೆ ಏರುತ್ತದೆ; 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್‌ನಲ್ಲಿ ಸೆಕೆಂಡಿಗೆ 360 ಜಿಬಿ. ಆದಕಾರಣ ಮನೆಯಲ್ಲೇ ಇಂತಹ ಮಾದರಿಗಳನ್ನು ಓಡಿಸಬೇಕೆನ್ನುವವರು ಟಾಪ್ಸ್ ಅಂಕಿಯನ್ನು ಬದಿಗಿಟ್ಟು, ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಎಷ್ಟು ಮತ್ತು ಅದರ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಓದಬಲ್ಲ ಪ್ರಮಾಣ) ಎಷ್ಟು ಎಂದು ವಿಚಾರಿಸಲಿ. ಉಳಿದವರು ಎನ್‌ಪಿಯುಗಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುತ್ತಿಲ್ಲ.

ಹಳೆಯ ಯಂತ್ರ ಚೆನ್ನಾಗಿದ್ದರೂ ತಂತ್ರಾಂಶವೇ ಅದನ್ನು ಹೊರದಬ್ಬಬಹುದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಕೇಳುತ್ತದೆ ಮತ್ತು ಇಂಟೆಲ್‌ನಲ್ಲಿ ಎಂಟನೆಯ ಪೀಳಿಗೆಯಿಂದ, ರೈಜನ್‌ನಲ್ಲಿ ಸ್ಥೂಲವಾಗಿ 2000ದ ಸರಣಿಯಿಂದ ಈಚಿನವನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ. ನನ್ನದಕ್ಕೆ ತೊಂದರೆಯಾಗಲಿಲ್ಲ; ಬಯಾಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗೇ ಇರುವ ಟಿಪಿಎಂ) ಆನ್ ಮಾಡಿದ್ದೇ ಸಾಕಾಯಿತು. ಸಾಫ್ಟ್‌ವೇರ್ ತಿರಸ್ಕರಿಸಿದ ಮಾತ್ರಕ್ಕೆ ಕೆಲಸ ಮಾಡುವ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಅಂತಹದೊಂದು ಹಳೆಯ ಇಂಟೆಲ್ ಯಂತ್ರಕ್ಕೆ ಉಚಿತ ಲಿನಕ್ಸ್ ಆದ ಉಬುಂಟು ಹಾಕಿಕೊಟ್ಟಿದ್ದೇನೆ; ಯುನಿಕೋಡ್ ಕನ್ನಡ ಅದರಲ್ಲಿ ಯಾವ ಕೊರತೆಯೂ ಇಲ್ಲದೆ ಮೂಡುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರಶೈಲಿಗಳಲ್ಲಿ ಕಡತಗಳನ್ನು ಇಟ್ಟುಕೊಂಡವರು ಮಾತ್ರ ಮೊದಲು ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಇಂದು ಹೊಸದಾಗಿ ಕೊಳ್ಳುವವರು ನನ್ನ ಆಯ್ಕೆಯನ್ನೇ ಅನುಸರಿಸಬೇಕೆ? ಎಎಂ4 ಇನ್ನು ಮುಂದೆ ಬೆಳೆಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5 ಅದರ ಉತ್ತರಾಧಿಕಾರಿ, ಮತ್ತು ಅದನ್ನು 2027ರವರೆಗೂ ಅದರಾಚೆಗೂ ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ಅದೇ ತರ್ಕದಿಂದ ನನ್ನ ಶಿಫಾರಸು ಎಎಂ5. ಅಡಚಣೆ ಒಂದೇ: ಎಎಂ5 ಡಿಡಿಆರ್5 ಅನ್ನಲ್ಲದೆ ಬೇರೆ ರ‍್ಯಾಮ್ ಒಪ್ಪುವುದಿಲ್ಲ, ಮತ್ತು 2025ರ ಕೊನೆಯಿಂದ ರ‍್ಯಾಮ್ ಬೆಲೆ ಕಣ್ಣು ಕೆಂಪಾಗುವಷ್ಟು ಏರಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ದೊಡ್ಡ ಪ್ರಮಾಣದಲ್ಲಿ ಮೆಮೊರಿಯನ್ನು ಸೆಳೆದುಕೊಳ್ಳುತ್ತಿರುವುದು ಇದರ ಕಾರಣ. ಮೆಮೊರಿ ತಯಾರಕ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರುಶಿಯಲ್ ಗ್ರಾಹಕ ವ್ಯವಹಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಆದ್ದರಿಂದ ಈಗಾಗಲೇ ಡಿಡಿಆರ್4 ರ‍್ಯಾಮ್ ಮತ್ತು ಎಎಂ4 ಬೋರ್ಡ್ ಇರುವವರು ಪ್ರೊಸೆಸರ್ ಮಾತ್ರ ಬದಲಿಸಿಕೊಂಡು ಇನ್ನೆರಡು ಮೂರು ವರ್ಷ ನಿಶ್ಚಿಂತೆಯಿಂದ ಇರಬಹುದು. ಏನೂ ಇಲ್ಲದವರು ಎಎಂ5 ಬೋರ್ಡಿಗೆ ಒಂದೇ 16 ಜಿಬಿ ಕಡ್ಡಿ ಹಾಕಿಕೊಂಡು ಆರಂಭಿಸಲಿ. ಎರಡನೆಯ ಚಾನೆಲ್ ಇಲ್ಲದ ನಷ್ಟ ಸ್ವಲ್ಪ ಕಾಲ ಇರುತ್ತದೆ, ಬೆಲೆ ಇಳಿದಾಗ ಅದೇ ಮಾದರಿಯ ಇನ್ನೊಂದನ್ನು ಸೇರಿಸಿದರೆ ಅದು ತುಂಬಿಬರುತ್ತದೆ. ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈ ದಾರಿಯೂ ಇಲ್ಲ. ಅವರು ಬೇಕಾದಷ್ಟನ್ನು ಮೊದಲ ದಿನವೇ ಕೊಳ್ಳಬೇಕು.

ಬಳಸಿದ ಭಾಗಗಳನ್ನು ಕೊಳ್ಳುವ ಯೋಚನೆ ಇದ್ದರೆ ಪ್ರೊಸೆಸರ್ ಮತ್ತು ರ‍್ಯಾಮ್ ಅಷ್ಟೇನೂ ಅಪಾಯವಲ್ಲ. ಎಎಂ4 ಪ್ರೊಸೆಸರ್‌ನ ಪಿನ್‌ಗಳು ಅದರ ಅಡಿಯಲ್ಲಿಯೇ ಇರುವುದರಿಂದ ಬಾಗಿರುವುದು ಬರಿಗಣ್ಣಿಗೆ ಕಾಣುತ್ತದೆ. ಎಎಂ5ರಲ್ಲಿ ಪಿನ್‌ಗಳು ಮದರ್‌ಬೋರ್ಡಿನ ಸಾಕೆಟ್‌ನಲ್ಲಿವೆ, ಹಾಗಾಗಿ ಅಲ್ಲಿ ಬೋರ್ಡನ್ನೇ ಟಾರ್ಚ್ ಹಿಡಿದು ನೋಡಬೇಕು. ಎಸ್‌ಎಸ್‌ಡಿಯಾದರೆ ಅಂಗಡಿಯಲ್ಲೇ ಡ್ರೈವ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಸಿ ಒಟ್ಟು ಎಷ್ಟು ಬರೆಯಲಾಗಿದೆ ಎಂಬುದನ್ನು ಓದಿಕೊಳ್ಳಬೇಕು. ಹಳೆಯ ಎಸ್‌ಎಂಪಿಎಸ್ ಮಾತ್ರ, ಎಷ್ಟೇ ಅಗ್ಗವಾಗಿ ಸಿಕ್ಕರೂ, ಬೇಡ.