ಸೀರೆಯ ಒಳಗೆ ಯಾವ ಲಂಗ: ಮೂರನ್ನು ಉಟ್ಟು ನೋಡಿದ ಮೇಲೆ

ನನ್ನ ನಡು 30 ಇಂಚು, ಹಿಪ್ 41 ಇಂಚು. ಇಂಥ ಮೈಕಟ್ಟನ್ನು ಬಟ್ಟೆಯಂಗಡಿಯವರು ‘ಪೇರ್ ಶೇಪ್’, ಅಂದರೆ ಪೇರ್ ಹಣ್ಣಿನ ಆಕಾರ, ಎನ್ನುತ್ತಾರೆ. ಪುತ್ತೂರಿನ ನಮ್ಮ ಮನೆಯಲ್ಲಿ ಪೇರಳೆ ಎಂದರೆ ಸೀಬೆ. ಆದರೂ ಹೋಲಿಕೆಗೆ ಭಂಗವೇನಿಲ್ಲ, ತೊಟ್ಟಿನ ಬಳಿ ಸಪೂರವಾಗಿದ್ದು ಕೆಳಗೆ ದುಂಡಗಾಗುವ ಸೀಬೆಯೂ ಇದೆ. ಈ 11 ಇಂಚಿನ ಅಂತರವೇ ತೊಡಕಿನ ಮೂಲ, ಏಕೆಂದರೆ ನಡುವಿಗೆ ಸರಿಹೋಗುವ ಸಿದ್ಧ ಉಡುಪು ಕೆಳಗೆ ಬಿಗಿಯುತ್ತದೆ, ಕೆಳಗೆ ಸರಿಹೋಗುವುದು ನಡುವಿನಲ್ಲಿ ನಿಲ್ಲುವುದಿಲ್ಲ. ಹೀಗಾಗಿ ಹತ್ತಿಯ ಲಂಗ, ಸ್ಯಾಟಿನ್ ಲಂಗ ಹಾಗೂ ಮೈಗೆ ಬಿಗಿಯಾಗಿ ಕೂರುವ, ಹಿಗ್ಗುವ ಶೇಪ್‌ವೇರ್ ಲಂಗ, ಈ ಮೂರನ್ನೂ ಒಂದು ಇಳಕಲ್ ಸೀರೆ ಮತ್ತು ಒಂದು ಮೈಸೂರು ರೇಷ್ಮೆಯೊಂದಿಗೆ ಉಟ್ಟು ನೋಡಿದೆ.

ಹತ್ತಿಯದರಲ್ಲಿ ಎಷ್ಟು ತುಂಡುಗಳನ್ನು ಜೋಡಿಸಿ ಹೊಲಿದಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ನಾಲ್ಕು ತುಂಡಿನ ಲಂಗದ ಲಾಡಿಯನ್ನು ಎಳೆದು ಕಟ್ಟಿದಾಗ ಹೆಚ್ಚಾದ ಬಟ್ಟೆಯೆಲ್ಲ ನಡುವಿನ ಸುತ್ತ ಸುರುಟಿಕೊಂಡು, ಅಗಲ ಬೇಡವಾದ ಕಡೆಯೇ ಅಗಲವನ್ನು ಕೂಡಿಸಿತು. ಆರು ತುಂಡಿನದರಲ್ಲಿ ಪ್ರತಿ ತುಂಡೂ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವುದರಿಂದ ಆ ಸುರುಟು ಬಹಳ ಕಡಿಮೆ; ಮೈಯ ಅತಿ ಅಗಲವಾದ ಭಾಗದಿಂದ ಬಟ್ಟೆ ನೇರವಾಗಿ ಇಳಿಯುತ್ತದೆ, ತೊಡೆಯ ಆಕಾರ ಅದರೊಳಗೆ ಅಡಗುತ್ತದೆ. ಇಳಕಲ್ ಸೀರೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಇದರ ದೋಷವೆಂದರೆ ಲಾಡಿ. ಸೀರೆಯ ಭಾರವೆಲ್ಲ ಆ ಸಣ್ಣ ಹುರಿಯ ಮೇಲೆ ಬಿದ್ದು, ಸಂಜೆಯ ಹೊತ್ತಿಗೆ ಚರ್ಮದ ಮೇಲೆ ಕೆಂಪು ಗೀರು ಮೂಡುತ್ತದೆ. ನನ್ನ ಅತ್ತೆಯವರ ನಡುವಿನಲ್ಲಿ ಅದೇ ಗೀರು ವರ್ಷಗಳಿಂದ ಕಪ್ಪುಗಟ್ಟಿದೆ. ಹುರಿಯನ್ನು ತೆಗೆದು ಒಂದಿಂಚು ಅಗಲದ ಹತ್ತಿಯ ಪಟ್ಟಿಯನ್ನು ಪೋಣಿಸಿದ ಮೇಲೆ ನನಗೆ ಆ ಉರಿ ತಪ್ಪಿತು.

ಸ್ಯಾಟಿನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನೋಟಕ್ಕೆ ನಯ, ಆದರೆ ಸಿಕ್ಕಿಸಿದ ನೆರಿಗೆ ಮಧ್ಯಾಹ್ನದ ಊಟಕ್ಕೆ ಮೊದಲೇ ಜಾರಿತು, ಸೆಕೆಯೂ ಹೆಚ್ಚು.

ಶೇಪ್‌ವೇರ್ ಲಂಗ ನೈಲಾನ್ ಮತ್ತು ಸ್ಪ್ಯಾಂಡೆಕ್ಸ್ ನೂಲಿನದು. ಮೊಣಕಾಲಿನವರೆಗೆ ಮೈಗಂಟಿ, ಅಲ್ಲಿಂದ ಕೆಳಗೆ ಅರಳುತ್ತದೆ. ಅಳತೆಯ ಪಟ್ಟಿಯಲ್ಲಿ ನನ್ನ ನಡು ‘ಎಂ’ ಎಂದಿತು, ಹಿಪ್ ‘ಎಕ್ಸ್‌ಎಲ್’ ಎಂದಿತು. ಮೊದಲು ‘ಎಂ’ ತಂದು ಕೆಟ್ಟೆ: ಎಲಾಸ್ಟಿಕ್ಕಿನ ಮೇಲೆ ಹೊಟ್ಟೆಯ ಮಡಿಕೆ ಉಬ್ಬಿತು, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲು ಲಂಗವನ್ನು ಒಂದು ಕೈಯಲ್ಲಿ ಮೇಲೆಳೆಯಬೇಕಾಯಿತು. ಹಿಪ್ ಅಳತೆಗೆ ಕೊಂಡು, ನಡುವಿನ ಎಲಾಸ್ಟಿಕ್ಕನ್ನು ದರ್ಜಿಯಿಂದ ಬಿಗಿ ಮಾಡಿಸಿದ್ದೇ ಸರಿಹೋಯಿತು. ಜಾಹೀರಾತುಗಳು ಸಪೂರವಾಗಿ ಕಾಣುವಿರಿ ಎನ್ನುತ್ತವೆ. ಉಟ್ಟ ಮೇಲೆ ಟೇಪು ಹಿಡಿದಾಗ 41 ಇಂಚು ನಲವತ್ತೂವರೆ ಆಗಿತ್ತು, ಅಷ್ಟೆ. ನಿಜವಾದ ಲಾಭ ಬೇರೆ. ಮೈಸೂರು ರೇಷ್ಮೆ ಹೊಸೆದ ನೂಲಿನ ಕ್ರೇಪ್ ಆದ್ದರಿಂದ ಮೆತ್ತಗೆ ಮೈಗೆ ಒರಗಿ ಬೀಳುತ್ತದೆ, ಒಳಗಿನ ಹೊಲಿಗೆಯನ್ನೂ ಲಾಡಿಯ ಗಂಟನ್ನೂ ಹೊರಗೆ ತೋರಿಸುತ್ತದೆ. ಶೇಪ್‌ವೇರ್ ಇದ್ದರೆ ಅವೆರಡೂ ಇಲ್ಲ. ಆದರೆ ಅದು ಹಿಪ್‌ನ ರೇಖೆಯನ್ನು ಮರೆಸುವುದಿಲ್ಲ, ಎತ್ತಿ ತೋರಿಸುತ್ತದೆ. ಅದು ನನಗೆ ಇಷ್ಟವೇ. ಮರೆಸಬೇಕೆನ್ನುವವರಿಗೆ ಹತ್ತಿಯೇ ಸರಿ.

ಚಡ್ಡಿಯನ್ನೂ ಹಿಪ್ ಅಳತೆಗೇ ಕೊಳ್ಳಬೇಕು. ಕೆಳನಡುವಿನ ಚಡ್ಡಿಯ ಎಲಾಸ್ಟಿಕ್ ಅಗಲವಾದ ಭಾಗವನ್ನೇ ಅಡ್ಡಲಾಗಿ ಕೊರೆದು ಎರಡು ದಿಣ್ಣೆ ಮಾಡುತ್ತದೆ. ಹೊಕ್ಕುಳವರೆಗೆ ಬರುವ ಹತ್ತಿಯ ಚಡ್ಡಿ ಹಾಗೆ ಮಾಡಲಿಲ್ಲ.

ಮೇಲ್ಭಾಗದಲ್ಲಿ ಬೋಟ್ ನೆಕ್ (ಭುಜದಿಂದ ಭುಜಕ್ಕೆ ಅಡ್ಡಲಾಗಿ ತೆರೆದ ಕತ್ತಿನ) ರವಿಕೆ ಭುಜವನ್ನು ಅಗಲವಾಗಿ ತೋರಿಸಿ ಕೆಳಗಿನ ಅಗಲಕ್ಕೆ ಜೋಡಿಯಾಯಿತು. ತೋಳಿಲ್ಲದ, ಆಳವಾದ ಕತ್ತಿನದು ಭುಜವನ್ನು ಇನ್ನಷ್ಟು ಕಿರಿದಾಗಿಸಿತು. ಸೆರಗಿನ ತುದಿ ಹಿಪ್ ಮಟ್ಟದಲ್ಲಿ ನಿಂತರೆ ನೋಟವೂ ಅಲ್ಲೇ ನಿಲ್ಲುತ್ತದೆ, ಮೊಣಕಾಲಿನವರೆಗೆ ಇಳಿಬಿಟ್ಟಾಗ ನಾನು ಒಂದಿಷ್ಟು ಎತ್ತರವಾಗಿಯೇ ಕಂಡೆ.

ಕಳೆದ ತಿಂಗಳ ಮದುವೆಯಲ್ಲಿ ನೆಲದ ಮೇಲೆ ಕುಳಿತೇಳಬೇಕಿದ್ದ ಮುಹೂರ್ತಕ್ಕೆ ಹತ್ತಿಯ ಲಂಗ ಉಟ್ಟೆ, ಸಂಜೆಯ ಆರತಕ್ಷತೆಗೆ ಶೇಪ್‌ವೇರ್. ಎರಡನೆಯದನ್ನು ಎರಡೂವರೆ ಗಂಟೆಯ ನಂತರ ಛತ್ರದ ಕೋಣೆಯಲ್ಲೇ ಬಿಚ್ಚಿ ಚೀಲಕ್ಕೆ ಹಾಕಿ, ಮತ್ತೆ ಹತ್ತಿಯದನ್ನೇ ಉಟ್ಟು ಊಟಕ್ಕೆ ಕುಳಿತೆ.